ಪಕ್ಕದ ಮನೆಯ ಬ್ಯಾಟರಿ

ಬಾಗಿಲು ತೆರೆದವನ ಕಣ್ಣುಗಳು ಕೆಂಪಗಿದ್ದವು. ಕೂದಲು ಒಂದು ಪಕ್ಕಕ್ಕೆ ಒತ್ತಿಕೊಂಡಿತ್ತು. ಕೆನ್ನೆಯ ಮೇಲೆ ದಿಂಬಿನ ಗೆರೆ.

"ನೀವು ಪಕ್ಕದ ಮನೆಯವರು," ಅಂದ. ಕೇಳಿದ್ದಲ್ಲ, ಗುರುತು ಹಿಡಿದದ್ದು ಅಷ್ಟೆ.

"ಹೌದು. ನನ್ನ ಬ್ಯಾಟರಿನ ಯಾಕೆ ಖಾಲಿ ಮಾಡ್ತಿದ್ದೀರಿ?"

ಅವರಿಬ್ಬರ ಮೊದಲ ಮಾತು ಇದು. ಏಳೆಂಟು ತಿಂಗಳಿಂದ ಒಂದೇ ಗೋಡೆಯ ಆಚೆ ಈಚೆ ಇದ್ದವರು, ಮುಖಕ್ಕೆ ಮುಖ ಕೊಟ್ಟು ನಿಂತದ್ದು ಇದೇ ಮೊದಲು. ಅವಳ ಕೈಯಲ್ಲಿ ಮೊಬೈಲ್, ಅದರಲ್ಲಿ ಎರಡು ಬ್ಯಾಟರಿಗಳ ಫೋಟೋ. ಅವನು ರಾತ್ರಿ ಪಾಳಿ ಮುಗಿಸಿ ಬಂದು ಆಗಷ್ಟೇ ನಿದ್ದೆಗೆ ಜಾರಿದ್ದ.

ಮಧ್ಯದಲ್ಲಿ ಗೋಡೆ ಎಬ್ಬಿಸಿ ಎರಡು ಮಾಡಿದ ಮನೆ ಅದು. ಎಡಗಡೆ ಅವಳು ಮತ್ತು ಅವಳ ಅಮ್ಮ, ಬಲಗಡೆ ಅವನೊಬ್ಬನೇ. ತಾರಸಿ ಮಾತ್ರ ಒಂದೇ, ಅದರ ಮೇಲಿನ ಸೋಲಾರ್ ಪ್ಯಾನೆಲ್‌ಗಳೂ ಇಬ್ಬರವು. ಹೊರಗಿನ ಮೆಟ್ಟಿಲ ಕೆಳಗೊಂದು ಪುಟ್ಟ ಕೋಣೆ. ಅಲ್ಲಿ ಗೋಡೆಗೆ ಇನ್ವರ್ಟರ್, ಅದರ ಕೆಳಗೆ ನೆಲದ ಮೇಲೆ ಎರಡು ಲಿಥಿಯಂ ಬ್ಯಾಟರಿ ಪ್ಯಾಕ್. ಮೊದಲನೆಯದು ಅವಳ ಅಪ್ಪ ಇದ್ದಾಗ ಹಾಕಿಸಿದ್ದು. ಎರಡನೆಯದು ಅವನು ಈ ಮನೆಗೆ ಬಂದ ಮೇಲೆ ತಂದದ್ದು. ಎರಡನ್ನೂ ಜೋಡಿಸಿ ಒಂದೇ ಇನ್ವರ್ಟರ್‌ಗೆ ಕೊಟ್ಟಿದ್ದರು. ಲೈನ್ ಕರೆಂಟು ಹೋದಾಗ ಎರಡೂ ಮನೆ ಅದರಲ್ಲೇ ನಡೆಯುತ್ತಿತ್ತು. ಈ ಒಪ್ಪಂದ ಆದದ್ದು ಅವನಿಗೂ ಅವಳ ಅಮ್ಮನಿಗೂ, ಕಾಂಪೌಂಡಿನ ಮೇಲೆ ಮೊಣಕೈ ಊರಿಕೊಂಡು. ಅವಳಿಗೆ ವಿಷಯ ಗೊತ್ತಾಗಿದ್ದು ತಂತಿ ಎಳೆದು ಮುಗಿದ ಮೇಲೆ.

"ನೋಡಿ," ಮೊಬೈಲ್ ಮುಂದೆ ಚಾಚಿದಳು. "ದಿನಾ ಬೆಳಿಗ್ಗೆ ನಂದು ನಲವತ್ತು ಪರ್ಸೆಂಟ್, ನಿಮ್ದು ಎಪ್ಪತ್ತು. ಒಂದು ದಿನ ಆದ್ರೆ ಸರಿ. ದಿನಾನೂ ಹೀಗೆ ಅಂದ್ರೆ ಏನರ್ಥ?"

ಅವನು ಫೋಟೋ ನೋಡಿದ. ಅವಳನ್ನು ನೋಡಿದ. 

"ನೋಡ್ತೀನಿ," ಅಂದ.

ಅಷ್ಟೆ. ಬಾಗಿಲು ಮೆತ್ತಗೆ ಮುಚ್ಚಿತು.

ಅವಳು ಹಲ್ಲು ಮಾಡುವವಳು. ಊರಿನ ದಂತವೈದ್ಯರು ರೋಗಿಗಳ ದವಡೆಯ ಅಚ್ಚು ಕಳಿಸುತ್ತಿದ್ದರು, ಇವಳು ಪಿಂಗಾಣಿ ಪುಡಿಯನ್ನು ಕುಂಚದಲ್ಲಿ ಪದರ ಪದರವಾಗಿ ಕೂರಿಸಿ, ಮುಷ್ಟಿಯಷ್ಟು ಜಾಗವಿರುವ ಫರ್ನೇಸಿನಲ್ಲಿ ಸುಟ್ಟು ಹಲ್ಲು ಮಾಡಿ ಕೊಡುತ್ತಿದ್ದಳು. ಬೀದಿಯ ಮಕ್ಕಳು ಹಿಂದಿನಿಂದ 'ಹಲ್ಲಕ್ಕ' ಅನ್ನುತ್ತಿದ್ದರು. ಅವಳಿಗೆ ಗೊತ್ತಿತ್ತು, ಬೇಜಾರಿರಲಿಲ್ಲ.

ಮೊದಲು ಅವಳು ಒಬ್ಬ ದಂತವೈದ್ಯನ ಕ್ಲಿನಿಕ್ಕಿನಲ್ಲೇ ಕೆಲಸ ಮಾಡುತ್ತಿದ್ದಳು. ಅವನನ್ನೇ ಮದುವೆಯಾಗುವುದೆಂದು ಮಾತಾಗಿತ್ತು. ಅವಳು ಮಾಡಿದ ಹಲ್ಲನ್ನು ಅವನು ರೋಗಿಗಳಿಗೆ ತನ್ನ ಕೈಕೆಲಸ ಎಂದೇ ತೋರಿಸುತ್ತಿದ್ದ. ಮದುವೆ ಆದ ಮೇಲೆ ನಿಂದು ನಂದು ಏನಿದೆ ಅನ್ನುತ್ತಿದ್ದ. ಕೊನೆಗೆ ಮದುವೆಯನ್ನೂ ಬೇರೆಯವಳ ಜೊತೆ ಮಾಡಿಕೊಂಡ. ಅಂದಿನಿಂದ ಅವಳಿಗೆ ಯಾವುದು ನನ್ನದು, ಯಾವುದು ನಿನ್ನದು ಎಂಬುದು ಗೆರೆ ಎಳೆದ ಹಾಗೆ ಸ್ಪಷ್ಟವಾಗಿರಬೇಕು.

"ನಿನ್ನ ಕೈಗೆ ಬಿಟ್ರೆ ಬಿಸಿಲಿಗೂ ಹೆಸರು ಬರೆದಿಡ್ತೀಯ," ಅನ್ನುತ್ತಿದ್ದಳು ಅಮ್ಮ.

ಮರುದಿನ ಬೆಳಿಗ್ಗೆ ಮೆಟ್ಟಿಲ ಕೆಳಗಿನ ಕೋಣೆಗೆ ಹೋದಾಗ ಅವನ ಪ್ಯಾಕಿನ ದೀಪ ಆರಿತ್ತು. ಕರೆಂಟು ಕಡಿಯುವ ಬ್ರೇಕರ್ ಕೆಳಗಿಳಿದಿತ್ತು. ಅವನ ಮನೆಗೆ ಹೋಗುವ ಸ್ವಿಚ್ಚನ್ನು ಇನ್ವರ್ಟರ್‌ನಿಂದ ತೆಗೆದು ಬರೀ ಲೈನ್ ಕರೆಂಟಿಗೆ ತಿರುಗಿಸಿದ್ದ.

ಕದ್ದವನು ಸಿಕ್ಕಿಬಿದ್ದ ಮೇಲೆ ಮಾಡುವ ಕೆಲಸ ಇದು... ಅಂದುಕೊಂಡಳು. ಗೆದ್ದ ಖುಷಿ ಆಗಬೇಕಿತ್ತು. ಆಗಲಿಲ್ಲ. ಯಾಕೆಂದು ಯೋಚಿಸಲೂ ಹೋಗಲಿಲ್ಲ, ಅಂದು ಎರಡು ದವಡೆಯ ಕೆಲಸವಿತ್ತು.

"ಏನಂದೆ ಆ ಹುಡುಗನಿಗೆ?" ಅಮ್ಮ ಕೇಳಿದಳು. "ಸಂಜೆ ಕರೆಂಟು ಹೋದಾಗ ಅವನ ಮನೆ ಕತ್ತಲು."

"ಎಲ್ಲೋ ಹೋಗಿರ್ತಾನೆ."

"ಸ್ಕೂಟರ್ ಇತ್ತು."

  ಆಮೇಲೆ ಕರೆಂಟು ಹೋದಾಗಲೆಲ್ಲ ಅಮ್ಮ ಕಿಟಕಿಯ ಹತ್ತಿರ ಹೋಗಿ ಪಕ್ಕದ ಮನೆ ಕಡೆ ನೋಡಿ, "ಪಾಪ," ಎಂದು ಗಟ್ಟಿಯಾಗಿ ಹೇಳಿ ಬರುತ್ತಿದ್ದಳು.

ಅವನು ಆಸ್ಪತ್ರೆಯಲ್ಲಿ ನರ್ಸ್. ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳ ವಾರ್ಡು. ಇದೂ ಅಮ್ಮ ಹೇಳಿದ್ದೇ. "ಅಂಗೈ ಅಷ್ಟು ಪಾಪುಗಳಂತೆ. ಅವಕ್ಕೆ ಇವನೇ ಹಾಲು ಕುಡಿಸೋದಂತೆ, ಹನಿ ಹನಿ."

"ಅದಕ್ಕೂ ಬ್ಯಾಟರಿಗೂ ಏನಮ್ಮ ಸಂಬಂಧ?"

"ನಾನು ಸಂಬಂಧ ಅಂದ್ನಾ?"

ಕೆಲವು ವಾರ ಹೀಗೇ ಕಳೆಯಿತು. ಆಮೇಲೆ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಬೇರೆಯದು ಬರಲು ಎರಡು ಮೂರು ದಿನ ಬೇಕು ಅಂದರು. ಅದೇ ಸಮಯಕ್ಕೆ ಮೋಡ ಕವಿದು, ತಾರಸಿಯ ಪ್ಯಾನೆಲ್‌ಗಳು ಇದ್ದೂ ಇಲ್ಲದ ಹಾಗಾದವು.

ಅವಳ ಕೈಯಲ್ಲಿ ಅರ್ಜೆಂಟ್ ಕೆಲಸ ಇತ್ತು. ಪುಟ್ಟ ಮಕ್ಕಳಿಗೆ ಪಾಠ ಹೇಳುವ ಒಬ್ಬ ಟೀಚರ್, ಬಿದ್ದು ಮುಂದಿನ ನಾಲ್ಕು ಹಲ್ಲು ಕಳೆದುಕೊಂಡಿದ್ದರು. ಮಕ್ಕಳು ನಗುತ್ತಾರೆಂದು ರಜೆ ಹಾಕಿ ಮನೆಯಲ್ಲೇ ಕೂತಿದ್ದರು. ಅಳತೆ ಕೊಡಲು ಬಂದಾಗಲೂ ಬಾಯಿಗೆ ಕರವಸ್ತ್ರ ಹಿಡಿದೇ ಮಾತಾಡಿದ್ದರು. ಮರುದಿನ ಬೆಳಿಗ್ಗೆ ಡಾಕ್ಟರು ಹಲ್ಲು ಕೂರಿಸಬೇಕು, ಅದರ ಮರುದಿನ ಶಾಲೆ.

ನಾಲ್ಕು ಹಲ್ಲು ಫರ್ನೇಸಿನೊಳಗೆ ಕಾಯುತ್ತಿದ್ದವು. ಒಳಗಿನ ಗಾಳಿ ಹೀರುವ ಪಂಪು ಸಣ್ಣಗೆ ಗುನುಗುತ್ತಿತ್ತು. ಇನ್ನೇನು ಆಯಿತು ಅನ್ನುವಾಗ ಅಮ್ಮ ಹಿತ್ತಲಲ್ಲಿ ನೀರಿನ ಮೋಟಾರ್ ಹಾಕಿದಳು.

ಟಪ್.

ಎಲ್ಲ ನಿಂತಿತು. ಫ್ಯಾನು, ಫ್ರಿಜ್ಜು, ಪಂಪು, ಫರ್ನೇಸಿನ ಕೆಂಪು ಅಂಕಿಗಳು.

ಅರ್ಧಕ್ಕೆ ಗಾಳಿ ಒಳಗೆ ಹೋದರೆ ಪಿಂಗಾಣಿಯಲ್ಲಿ ಗುಳ್ಳೆ ನಿಲ್ಲುತ್ತದೆ. ಅವಳು ಫರ್ನೇಸ್ ತಣಿಯುವವರೆಗೂ ಕಾದು ಹೊರತೆಗೆದಳು. ಹಲ್ಲುಗಳು ಸುಣ್ಣದ ಹರಳಿನ ಹಾಗೆ ಮಂಕಾಗಿದ್ದವು. ಇನ್ನು ಮೊದಲಿನಿಂದ ಮಾಡಬೇಕು. ಮಾಡಲು ಕರೆಂಟಿಲ್ಲ.

ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಏನೂ ಕೇಳದೆ ಚಪ್ಪಲಿ ಮೆಟ್ಟಿ ಹೊರಗೆ ಹೋದಳು. ಸ್ವಲ್ಪ ಹೊತ್ತಿಗೆ ಅವನನ್ನು ಕರೆದುಕೊಂಡೇ ಬಂದಳು. ಅವನು ಡ್ಯೂಟಿಗೆ ಹೊರಟ ಬಟ್ಟೆಯಲ್ಲಿದ್ದ.

"ನಂದು ಹೆಚ್ಚುಕಮ್ಮಿ ತುಂಬೇ ಇದೆ," ಅಂದ. "ಆಫ್ ಮಾಡಿದ ಮೇಲೆ ಮುಟ್ಟೇ ಇಲ್ಲ. ಹಾಕ್ಕೊಳ್ಳಿ."

"ಬೇಡ."

"ಯಾಕೆ?"

"ನಿಮ್ಮ ಮನೇಲೂ ಕರೆಂಟಿಲ್ಲ. ನಿಮ್ಮದು ನೀವು ಬಳಸ್ಕೊಳ್ಳಿ. ನಾನು ಏನಾದ್ರೂ ಮಾಡ್ತೀನಿ."

ಅವನು ಮೇಜಿನ ಮೇಲಿನ ಮಂಕಾದ ಹಲ್ಲುಗಳನ್ನು ಬಗ್ಗಿ ನೋಡಿದ.

"ಯಾರಿಗೆ ಇದು?"

ಹೇಳಿದಳು.

"ಯಾವ ಬ್ಯಾಟರೀಲಿ ಬೆಂದ್ವು ಅಂತ ಆ ಹಲ್ಲುಗಳೇನು ಟೀಚರ್ ಹತ್ರ ಹೇಳಲ್ಲ," ಅಂದ.

ಅಮ್ಮ ಸೆರಗಿನ ಹಿಂದೆ ನಕ್ಕಳು. ಮಗಳಿಗೆ ನಗು ಬರಲಿಲ್ಲ, ಆದರೆ ಬೇಡ ಅನ್ನಲು ಎರಡನೇ ಸಲ ಬಾಯಿ ಬರಲಿಲ್ಲ.

ಕೋಣೆಯಲ್ಲಿ ಅವನು ತನ್ನ ಬ್ರೇಕರ್ ಮೇಲೆ ಕೈಯಿಟ್ಟಾಗ ಅವಳಿಗೆ ಯಾಕೋ ಅನುಮಾನವಾಯಿತು. "ತಡೀರಿ. ನಂದು ಖಾಲಿ, ನಿಮ್ದು ತುಂಬಿದೆ. ಹೀಗೇ ಒಟ್ಟಿಗೆ ಹಾಕಬಹುದಾ?"

ಅವನು ಕೈ ತೆಗೆದ. ಸಿಸ್ಟಮ್ ನೋಡಿಕೊಳ್ಳುವ ಟೆಕ್ನಿಷಿಯನ್‌ಗೆ ಫೋನ್ ಹಚ್ಚಿದರು. ಎಲ್ಲರೂ ಪ್ಯಾನೆಲ್ ಅಕ್ಕ ಅನ್ನುತ್ತಿದ್ದ ಹೆಂಗಸು. ಸದಾ ಯಾವುದಾದರೂ ಮನೆಯ ತಾರಸಿ ಮೇಲೇ ಇರುತ್ತಿದ್ದಳು.

"ಮುಟ್ಟಬೇಡಿ," ಅಂದಳು ಪ್ಯಾನೆಲ್ ಅಕ್ಕ ಸ್ಪೀಕರಿನಲ್ಲಿ. "ತುಂಬಿದ್ದರಿಂದ ಖಾಲಿ ಇರೋದಕ್ಕೆ ಕರೆಂಟು ಒಂದೇ ಸಲ ನುಗ್ಗುತ್ತೆ. ಫ್ಯೂಸ್ ಹೋದ್ರೆ ನಿಮ್ಮ ಪುಣ್ಯ, ಪ್ಯಾಕೇ ಹೋದ್ರೆ ನಂಗೆ ಹೇಳ್ಬೇಡಿ. ಹಲ್ಲಿನವರ ಪ್ಯಾಕಿನ ಬ್ರೇಕರ್ ಇಳಿಸಿ. ಇಳೀತಾ? ಈಗ ಅವರದ್ದೊಂದೇ ಏರಿಸಿ. ಎರಡೂ ಒಟ್ಟಿಗೆ ಮಾತ್ರ ಬೇಡ. ನಾಳೆ ಬರ್ತೀನಿ."

ದೀಪ ಬಂತು. ಅವನು ತಡವಾಯಿತೆಂದು ಹೊರಟೇಬಿಟ್ಟ. ಥ್ಯಾಂಕ್ಸ್ ಹೇಳಬೇಕು ಅಂದುಕೊಳ್ಳುವಷ್ಟರಲ್ಲಿ ಸ್ಕೂಟರ್ ತಿರುವು ದಾಟಿತ್ತು.

ನೀರಿನ ಮೋಟಾರಿನ ಸ್ವಿಚ್ಚಿಗೆ ಅಮ್ಮ ತಾನೇ ಒಂದು ಬಟ್ಟೆ ಕಟ್ಟಿದಳು. ಅವಳು ಕುಂಚ ಹಿಡಿದು ಕೂತಳು. ಮಧ್ಯರಾತ್ರಿಗೆ ಮೊದಲು ನಾಲ್ಕು ಹಲ್ಲುಗಳೂ ಹೊಳೆಯುತ್ತಾ ಹೊರಬಂದವು.

ಮರುದಿನ ಪ್ಯಾನೆಲ್ ಅಕ್ಕ ಬಂದು ಕೋಣೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತಳು. ಅವನು ಪಾಳಿ ಮುಗಿಸಿ ಬಂದು ಮಲಗಿದ್ದ.

"ಆಫ್ ಮಾಡಿದ್ದು ಯಾಕೆ?"

ಅವಳು ಹೇಳಿದಳು. ಬೆಳಗಿನ ನಲವತ್ತು, ಎಪ್ಪತ್ತು. ಫೋಟೋಗಳನ್ನೂ ತೋರಿಸಿದಳು.

"ಮಧ್ಯಾಹ್ನ ತೆಗೆದದ್ದು ಒಂದೂ ಇಲ್ವಲ್ಲ."

"ಮಧ್ಯಾಹ್ನ ನಾನು ಕೆಲಸದಲ್ಲಿರ್ತೀನಿ."

"ಮಧ್ಯಾಹ್ನ ನೋಡಿದ್ರೆ ನಿಮ್ದೇ ಮೊದಲು ತುಂಬಿರ್ತಿತ್ತು." ಪ್ಯಾನೆಲ್ ಅಕ್ಕ ತಂತಿಗಳನ್ನು ಬೆರಳಲ್ಲಿ ಎತ್ತಿ ತೋರಿಸಿದಳು. "ನಿಮ್ಮ ಪ್ಯಾಕು ಇನ್ವರ್ಟರ್ ಕೆಳಗೇ ಇದೆ, ಗಿಡ್ಡ ತಂತಿ. ಅವರದ್ದು ಮೂಲೇಲಿ, ಉದ್ದ ತಂತಿ, ಅದೂ ನಿಮ್ದರ ಮೇಲಿಂದಾನೇ ಬರ್ಬೇಕು. ಹತ್ತಿರ ಇರೋದು ಮೊದಲು ದುಡಿಯುತ್ತೆ, ಮೊದಲು ತಿನ್ನುತ್ತೆ. ಕರೆಂಟಿಗೆ ಹತ್ತಿರದ ದಾರಿ ಅಂದ್ರೆ ಇಷ್ಟ. ಎರಡನೇ ಪ್ಯಾಕ್ ತಂದಾಗಲೇ ಎರಡಕ್ಕೂ ಒಂದೇ ಉದ್ದದ ತಂತಿ ಹಾಕಬೇಕಿತ್ತು. ಅವತ್ತು ಅವಸರದಲ್ಲಿ ಹಾಗೇ ಬಿಟ್ಟು ಹೋದ್ವಿ. ನಮ್ಮ ತಪ್ಪು."

"ಹಾಗಾದ್ರೆ ಅವರು..."

"ಅವರು ಏನ್ ಮಾಡ್ತಾರೆ? ಹಗಲೆಲ್ಲ ಮಲಗಿರೋ ಮನುಷ್ಯ. ಒಂದು ಫ್ಯಾನು, ಒಂದು ಲೈಟು. ಎರಡೂ ಪ್ಯಾಕ್ ಸೇರಿ ಓಡಿಸ್ತಾ ಇದ್ದದ್ದು ನಿಮ್ಮ ಫರ್ನೇಸನ್ನ."

ಅವಳು ಇನ್ವರ್ಟರಿನ ಹಸಿರು ದೀಪವನ್ನೇ ನೋಡುತ್ತಾ ನಿಂತಳು. 

ಪ್ಯಾನೆಲ್ ಅಕ್ಕ ಕೈ ಒರೆಸಿಕೊಂಡು ಎದ್ದಳು. "ಈಗ ಸೀದಾ ಜೋಡಿಸೋಕಾಗಲ್ಲ. ಈ ಜಾತಿ ಬ್ಯಾಟರಿ ಅರ್ಧ ಇದ್ರೂ ಮುಕ್ಕಾಲು ಇದ್ರೂ ವೋಲ್ಟೇಜು ಹೆಚ್ಚುಕಮ್ಮಿ ಒಂದೇ ತೋರಿಸುತ್ತೆ, ಅದನ್ನ ನಂಬಿದ್ರೆ ಕೆಟ್ಟಿರಿ. ಪೂರ್ತಿ ತುಂಬಿದಾಗಲೇ ನಿಜ ಗೊತ್ತಾಗೋದು. ಮೊದಲು ನಿಮ್ದೊಂದನ್ನೇ ಹಾಕಿ ತುಂಬಿಸಿ. ತುಂಬಿದ ಮೇಲೂ ಸ್ವಲ್ಪ ಹೊತ್ತು ಬಿಡಿ, ಒಳಗಿನ ಸೆಲ್‌ಗಳು ಸಮ ಆಗಲಿ. ಆಮೇಲೆ ಅದನ್ನ ಆಫ್ ಮಾಡಿ ಅವರದ್ದು. ಇದು ಬಿಸಿಲಲ್ಲಿ ಮಾತ್ರ ತುಂಬೋ ಇನ್ವರ್ಟರ್, ಆದ್ರಿಂದ ಮೋಡ ಬಿಡಬೇಕು. ದಿನಾ ಇಬ್ಬರೂ ರೀಡಿಂಗ್ ನೋಡ್ಕೊಳ್ಳಿ. ಎರಡೂ ತುಂಬಿ ಒಂದೇ ಮಟ್ಟಕ್ಕೆ ನಿಂತಾಗ ನನ್ನ ಕರೀರಿ."

ಆ ಸಂಜೆ ಅವಳು ಅವನ ಬಾಗಿಲು ತಟ್ಟಿದಳು.

"ನನ್ನದು ತಪ್ಪಾಯ್ತು," ಅಂದಳು. ಇಡೀ ಮಧ್ಯಾಹ್ನ ಜೋಡಿಸಿಕೊಂಡ ಮಾತುಗಳಲ್ಲಿ ಉಳಿದದ್ದು ಇದೊಂದೇ. "ನೀವು ಕದೀತಿದ್ದೀರಿ ಅಂದ್ಕೊಂಡೆ. ಕದೀತಾ ಇದ್ದದ್ದು ನಾನು."

"ಕದಿಯೋದು ಏನಿದೆ ಅದ್ರಲ್ಲಿ..."

"ನಿಮಗೆ ಗೊತ್ತಿತ್ತಾ? ನನ್ನ ಫರ್ನೇಸು ನಿಮ್ಮದನ್ನೂ ತಿಂತಿದೆ ಅಂತ?"

"ಗೊತ್ತಿತ್ತು."

"ಅವತ್ತು ಯಾಕೆ ಹೇಳ್ಲಿಲ್ಲ?"

"ನಿದ್ದೆಗಣ್ಣಲ್ಲಿದ್ದೆ." ಆಮೇಲೆ, ಅದು ಪೂರ್ತಿ ಉತ್ತರ ಅಲ್ಲವೆಂದು ತನಗೇ ಅನಿಸಿದ ಹಾಗೆ, "ನನಗೆ ಕೋಪ ಬಂದ್ರೆ ಮಾತು ಬರಲ್ಲ. ಬಾಯಲ್ಲಿ ಹೇಳೋ ಬದಲು ಸ್ವಿಚ್ ಆಫ್ ಮಾಡಿ ಬಂದೆ. ಅದೂ ತಪ್ಪೇ."

ಅವಳು ರೀಡಿಂಗ್ ವಿಷಯ ಹೇಳಿದಳು. ನಂಬರ್ ಕೊಟ್ಟುಕೊಂಡರು.

ಹೀಗೆ ಮೆಸೇಜು ಶುರುವಾಯಿತು. ಬೆಳಿಗ್ಗೆ ಆಸ್ಪತ್ರೆಯಿಂದ ಬಂದವನು ಕೋಣೆಗೆ ಹೋಗಿ ನೋಡಿ ಕಳಿಸುತ್ತಿದ್ದ. ಮಧ್ಯಾಹ್ನ ಅವಳು ಕಳಿಸುತ್ತಿದ್ದಳು. ಮೊದಮೊದಲು ಬರೀ ವೋಲ್ಟೇಜಿನ ಅಂಕಿ.

"೫೩.೧."

"೫೩.೪. ಮೋಡ."

ಆಮೇಲೆ ಅಂಕಿಗೆ ಬಾಲ ಬೆಳೆಯಿತು.

"೫೩.೨. ಇವತ್ತು ಒಂದು ಪಾಪು ಮನೆಗೆ ಹೋಯ್ತು. ಎರಡು ತಿಂಗಳಿಂದ ನಮ್ಮ ಜೊತೆ ಇತ್ತು."

"೫೩.೬. ಇವತ್ತು ಒಂದು ಕೋರೆಹಲ್ಲು. ಟೀಚರ್ ಫೋನ್ ಮಾಡಿದ್ರು. ಮಕ್ಕಳು ಹೊಸ ಹಲ್ಲು ಗುರುತೇ ಹಿಡೀಲಿಲ್ವಂತೆ. ಅದಕ್ಕೆ ಅವರಿಗೆ ಸ್ವಲ್ಪ ಬೇಜಾರು."

"ಹಹ್ಹ. ಪಾಪುಗೆ ಹಲ್ಲೇ ಇರಲ್ಲ, ನಮ್ಮ ಗಿರಾಕಿಗಳು ನಿಮ್ಮ ಹತ್ರ ಬರೋಕೆ ತುಂಬ ವರ್ಷ ಬೇಕು."

ಅವಳು ಅದನ್ನು ಓದಿ ಒಬ್ಬಳೇ ನಕ್ಕಳು. ಕುಂಚದ ತುದಿಯ ಪಿಂಗಾಣಿ ಒಣಗಿಹೋಯಿತು. ಮತ್ತೆ ಕಲೆಸಿಕೊಂಡಳು.

ಕರೆಂಟು ಹೋದಾಗಲೆಲ್ಲ ತುಂಬುತ್ತಿದ್ದ ಪ್ಯಾಕು ಮತ್ತೆ ಇಳಿಯುತ್ತಿತ್ತು. ಅವನ ಮನೆಯನ್ನೂ ಮತ್ತೆ ಇನ್ವರ್ಟರ್‌ಗೆ ತಿರುಗಿಸಿದ್ದರು. ಒಂದು ಪ್ಯಾಕಿನಲ್ಲಿ ಎರಡು ಮನೆ ನಡೆಸಬೇಕು, ಹಾಗಾಗಿ ಚೌಕಾಸಿ ಬೇರೆ. ನಾನು ಈಗ ಫರ್ನೇಸ್ ಹಾಕಲಾ? ಹಾಕಿ, ನಾನು ಫ್ಯಾನ್ ಇಲ್ಲದೆ ಮಲಗ್ತೀನಿ. ಬೇಡ, ನೀವು ಮಲಗಿ, ಸಂಜೆ ಹಾಕ್ತೀನಿ. ಅಂತೂ ಅವಳ ಪ್ಯಾಕು ತುಂಬಿತು. ಅದನ್ನು ಆಫ್ ಮಾಡಿ ಅವನದ್ದು ಹಾಕಿದರು. ಮೋಡವೂ ಕರಗಿತು. ಆದರೂ ಅವನದ್ದು ಯಾಕೋ ತುಂಬುವಂತೆ ಕಾಣಲಿಲ್ಲ.

ಅದರ ನಡುವೆ ಒಂದು ಬೆಳಿಗ್ಗೆ ಮೆಸೇಜು ಬರಲಿಲ್ಲ.

ಮಧ್ಯಾಹ್ನ ಅವಳೇ ಕಳಿಸಿದಳು. ಉತ್ತರವಿಲ್ಲ. ಮರುದಿನವೂ ಇಲ್ಲ.

ಹೆಚ್ಚಾಯಿತೇನೋ... ನಾನೇ ಏನಾದರೂ ಹೆಚ್ಚು ಮಾತಾಡಿದೆನಾ? ಹಿಂದಿನ ಮೆಸೇಜುಗಳನ್ನೆಲ್ಲ ಮತ್ತೆ ಓದಿದಳು. ದವಡೆ, ಮೋಡ, ಅಮ್ಮ ಸಕ್ಕರೆ ಅಂದುಕೊಂಡು ಟೀಗೆ ಉಪ್ಪು ಹಾಕಿದ್ದು. ಒಬ್ಬ ಮನುಷ್ಯ ಬೇಸರಪಟ್ಟುಕೊಳ್ಳುವಂಥದ್ದು ಏನೂ ಕಾಣಲಿಲ್ಲ. ಹಾಗೆಂದು ಹಿಂದೆ ಆ ದಂತವೈದ್ಯನ ಬೇಸರವೂ ಅವಳಿಗೆ ಮೊದಲೇ ಕಂಡಿರಲಿಲ್ಲ.

"ಸ್ಕೂಟರ್ ನಿಂತೇ ಇದೆ," ಅಂದಳು ಅಮ್ಮ, ಯಾರಿಗೋ ಹೇಳುವ ಹಾಗೆ. "ಬಾಗಿಲು ತೆಗೆದಿದ್ದು ಕಾಣ್ಲಿಲ್ಲ. ಹೋಗಿ ನೋಡ್ಬಾರ್ದಾ?"

"ನಾನ್ಯಾಕೆ?"

"ಸರಿ, ನಾನೇ ಹೋಗ್ತೀನಿ. ಮಂಡಿ ನೋವು, ಆದ್ರೂ ಹೋಗ್ತೀನಿ."

ಕೊನೆಗೆ ಮಗಳೇ ಹೋದಳು.

ಅವನು ಬಾಗಿಲು ತೆರೆದು ಒಳಗೆ ಹೋಗಿ ಕುರ್ಚಿಯಲ್ಲಿ ಕೂತ. ಬನ್ನಿ ಅನ್ನಲಿಲ್ಲ, ಹೋಗಿ ಅಂತಲೂ ಅನ್ನಲಿಲ್ಲ. ಅವಳು ಎದುರಿಗೆ ಕೂತಳು.

"ಒಂದು ಪಾಪು ಉಳೀಲಿಲ್ಲ," ಅಂದ. "ಅದರಮ್ಮ ನನ್ನ ಕೈಯಿಂದಲೇ ತಗೊಂಡ್ರು. ಎರಡು ದಿನ ರಜಾ ಹಾಕಿದೀನಿ. ಫೋನ್ ಎಲ್ಲಿಟ್ಟೆ ಗೊತ್ತಿಲ್ಲ."

ಅವಳಿಗೆ ಸಮಾಧಾನದ ಮಾತು ಬರುತ್ತಿರಲಿಲ್ಲ. ಬಂದರೂ ಇಲ್ಲಿ ಉಪಯೋಗವಿಲ್ಲ ಅನ್ನಿಸಿತು. ಎದ್ದು ಅಡಿಗೆಮನೆಗೆ ಹೋಗಿ ಟೀಗೆ ನೀರಿಟ್ಟಳು. ಕಿಟಕಿಯ ಕಟ್ಟೆಯ ಮೇಲೆ ಒಂದು ತಟ್ಟೆ ಇತ್ತು. ಅದರ ತುಂಬ ಕರಗಿ ಗಿಡ್ಡವಾದ ಮೇಣದಬತ್ತಿಗಳು, ಒಂದರ ಮೇಲೊಂದು ಅಂಟಿಕೊಂಡು. ಅವನು ಬ್ರೇಕರ್ ಇಳಿಸಿಕೊಂಡಿದ್ದ ವಾರಗಳವು.

ಅವಳು ತಟ್ಟೆಯ ಮುಂದೆ ನಿಂತಳು. ನೀರು ಕುದಿದು ಅರ್ಧ ಆಯಿತು. ಮತ್ತೆ ನೀರಿಟ್ಟಳು.

ಟೀ ಕೊಟ್ಟಾಗ ಅವನು, "ಏನಾದ್ರೂ ಹೇಳಿ," ಅಂದ. "ಆಸ್ಪತ್ರೆ ಬಿಟ್ಟು ಏನಾದ್ರೂ. ಹಲ್ಲಿನ ವಿಷಯ ಹೇಳಿ."

ಅವಳು ಹೇಳಿದಳು. ಯಾರ ಹಲ್ಲೂ ಬೆಳ್ಳಗಿರುವುದಿಲ್ಲ. ಒಂದೇ ಹಲ್ಲಿನಲ್ಲಿ ಬುಡಕ್ಕೆ ಒಂದು ಬಣ್ಣ, ತುದಿಗೆ ಒಂದು. ತುದಿ ಸ್ವಲ್ಪ ಗಾಜಿನ ಹಾಗಿರಬೇಕು, ಬೆಳಕು ಒಳಗೆ ಹೋಗಿ ಬರಬೇಕು, ಇಲ್ಲದಿದ್ದರೆ ಮಾಡಿದ ಹಲ್ಲೆಂದು ಗೊತ್ತಾಗಿಬಿಡುತ್ತದೆ. ವಯಸ್ಸಾದವರಿಗೆ ಹುಡುಗರ ಹಲ್ಲು ಕೂರಿಸಿದರೆ ಮುಖವೇ ಸುಳ್ಳಾಡಿದಂತೆ ಕಾಣುತ್ತದೆ. ಅದಕ್ಕೆ ಅವರ ಹಲ್ಲಿಗೆ ಒಂದೆರಡು ಸಣ್ಣ ಬಿರುಕನ್ನೂ ಬರೆಯಬೇಕು, ಕೂದಲೆಳೆಯ ಕುಂಚದಲ್ಲಿ...

ತಲೆಯೆತ್ತಿ ನೋಡಿದರೆ ಅವನು ಕೂತಲ್ಲೇ ನಿದ್ದೆ ಹೋಗಿದ್ದ.

ಬೇರೆ ಯಾರಾದರೂ ಅವಳ ಮಾತಿನ ನಡುವೆ ನಿದ್ದೆ ಹೋಗಿದ್ದರೆ ಅವಳು ಎದ್ದು ಬಂದುಬಿಡುತ್ತಿದ್ದಳು. ಈಗ ಅವನ ಕೈಯಿಂದ ಲೋಟ ಬಿಡಿಸಿ ಕೆಳಗಿಟ್ಟು, ಫ್ಯಾನ್ ಹಾಕಿ, ಇನ್ನೂ ಸ್ವಲ್ಪ ಹೊತ್ತು ಕೂತಿದ್ದಳು. ಇವನು ಗೋಡೆಯಾಚೆ ಇರುವುದು ನನಗೆ ಅಭ್ಯಾಸವಾಗಿದೆ ಎಂದುಕೊಂಡಳು. ಅಭ್ಯಾಸ ಅನ್ನುವುದು ಸರಿಯಾದ ಪದವಲ್ಲ. ಬೇರೆ ಪದ ಗೊತ್ತಿತ್ತು, ಆದರೆ ಅದನ್ನು ಮುಟ್ಟಲಿಲ್ಲ.

ಮುಂದಿನ ವಾರ ಅವನದ್ದೂ ತುಂಬಿತು. ಮುಚ್ಚಿಡುವಂತಿರಲಿಲ್ಲ, ಅಮ್ಮನೇ ಕೋಣೆಗೆ ಹೋಗಿ ಡಿಸ್‌ಪ್ಲೇ ನೋಡಿ ಪ್ಯಾನೆಲ್ ಅಕ್ಕನಿಗೆ ಫೋನ್ ಮಾಡಿದ್ದಳು.

ಪ್ಯಾನೆಲ್ ಅಕ್ಕ ಬೆಳಿಗ್ಗೆಯೇ ಬಂದಳು. ಹೆಗಲ ಮೇಲೆ ದಪ್ಪ ತಂತಿಯ ಸುರುಳಿ, ಕೈಯಲ್ಲಿ ಚೀಲ. ಎರಡೂ ಪ್ಯಾಕಿಗೆ ಮೀಟರ್ ಹಿಡಿದು ನೋಡಿದಳು.

"ಕೂದಲೆಳೆ ವ್ಯತ್ಯಾಸ ಇದೆ, ಪರವಾಗಿಲ್ಲ. ಆದ್ರೂ ಒಂದು ಅರ್ಥ ಆಗ್ತಿಲ್ಲ. ಹತ್ತು ದಿನದಿಂದ ಬೆಂಕಿಯಂಥ ಬಿಸಿಲಿದೆ. ಒಂದು ಪ್ಯಾಕ್ ತುಂಬೋಕೆ ಇಷ್ಟು ದಿನ ಯಾಕೆ ಬೇಕಾಯ್ತು? ಎಲ್ಲೋ ಲೀಕಾಗ್ತಿದೆಯಾ?"

ಅವನು ಮೀಟರ್ ನೋಡಿದ, ಅವಳು ಗೋಡೆ ನೋಡಿದಳು.

"ಸರಿ, ಈಗ ಹೇಳಿ. ಸೇರಿಸ್ಲಾ, ಬೇರೆ ಮಾಡ್ಲಾ?"

"ಬೇರೆ ಅಂದ್ರೆ?" ಅವಳು ಕೇಳಿದಳು.

"ಇವರು ಹಿಂದೆಯೇ ಫೋನಲ್ಲಿ ಹೇಳಿದ್ರಲ್ಲ, ತಮ್ಮದಕ್ಕೆ ಪ್ರತ್ಯೇಕ ಇನ್ವರ್ಟರ್ ಬೇಕು, ಪ್ಯಾನೆಲ್‌ನೂ ಅರ್ಧರ್ಧ ಮಾಡಿ ಅಂತ. ಇನ್ವರ್ಟರ್ ಬಂದಿದೆ, ಗಾಡೀಲಿದೆ."

ಅವಳು ಅವನ ಕಡೆ ತಿರುಗಲಿಲ್ಲ. "ಅವರಿಗೆ ಹೇಗೆ ಬೇಕೋ ಹಾಗೆ ಮಾಡಿ," ಅಂದಳು.

"ಅವರನ್ನ ಕೇಳಿ," ಅಂದ ಅವನು ಅದೇ ಉಸಿರಿನಲ್ಲಿ.

ಪ್ಯಾನೆಲ್ ಅಕ್ಕ ಒಬ್ಬರ ಮುಖ ನೋಡಿದಳು, ಇನ್ನೊಬ್ಬರ ಮುಖ ನೋಡಿದಳು. ತಂತಿಯ ಸುರುಳಿ ಕೆಳಗಿಟ್ಟಳು. "ನಾನು ಅಮ್ಮನ ಹತ್ರ ಟೀ ಕುಡಿದು ಬರ್ತೀನಿ. ಅಷ್ಟರಲ್ಲಿ ನಿರ್ಧಾರ ಮಾಡಿ. ಮಧ್ಯಾಹ್ನಕ್ಕೆ ಇನ್ನೊಂದು ತಾರಸಿ ಇದೆ ನನಗೆ."

ಕೋಣೆಯಲ್ಲಿ ಇಬ್ಬರು ನಿಂತರೆ ಭುಜ ತಾಗುವಷ್ಟೇ ಜಾಗ. ಇನ್ವರ್ಟರಿನ ಫ್ಯಾನು ಸಣ್ಣಗೆ ತಿರುಗುತ್ತಿತ್ತು.

"ಅದು ಅವತ್ತು ಹೇಳಿದ್ದು," ಅಂದ ಅವನು. "ನೀವು ಬಾಗಿಲಿಗೆ ಬಂದು ಬೈದ ದಿನ. ಆಮೇಲೆ ಬೇಡ ಅನ್ನೋಕೆ ಮರೆತೆ."

"ಬೈದಿಲ್ಲ. ಕೇಳಿದ್ದು."

"ಸರಿ, ಕೇಳಿದ ದಿನ."

ಅವನು ತಂತಿಯ ಸುರುಳಿಯನ್ನೇ ನೋಡುತ್ತಿದ್ದ.

"ನನ್ನ ಪ್ಯಾಕು ಎಲ್ಲೂ ಲೀಕಾಗಿಲ್ಲ," ಅಂದ ಕೊನೆಗೆ. "ಹೋದ ವಾರವೇ ತುಂಬಿತ್ತು. ತುಂಬಿದ್ರೆ ಅಕ್ಕ ಬಂದು ಜೋಡಿಸಿ ಹೋಗ್ತಾರೆ. ಆಮೇಲೆ ರೀಡಿಂಗ್ ಕಳಿಸೋ ಕೆಲಸ ಇರಲ್ಲ. ಅದಕ್ಕೆ... ಇಸ್ತ್ರಿ ಪೆಟ್ಟಿಗೆ ಹಾಕಿದೆ. ಇರೋ ಬಟ್ಟೆ ಎಲ್ಲ ಇಸ್ತ್ರಿ ಮಾಡಿದೆ. ಬಟ್ಟೆ ಮುಗೀತು, ಪರದೆ ಬಿಚ್ಚಿ ಅದನ್ನೂ ಮಾಡಿದೆ."

ಅವಳಿಗೆ ನಗು ಬಂತು. ತಡೆದುಕೊಂಡಳು. ಕಣ್ಣಲ್ಲಿ ನೀರು ಬಂತು, ಅದನ್ನು ತಡೆಯಲಾಗಲಿಲ್ಲ.

"ನಾನು ಖಾಲಿ ಫರ್ನೇಸ್ ಹಾಕಿದೆ," ಅಂದಳು.

"ಏನು?"

"ಒಳಗೆ ಒಂದು ಹಲ್ಲೂ ಇರಲಿಲ್ಲ. ಸುಮ್ನೆ ಕಾಯಿಸಿದೆ. ಮೂರು ಸಲ."

ಅವನು ಗೋಡೆಗೆ ಒರಗಿ ನಕ್ಕ. ಅವನು ಶಬ್ದ ಮಾಡಿ ನಕ್ಕದ್ದನ್ನು ಅವಳು ಕೇಳಿದ್ದು ಅದೇ ಮೊದಲು. ನಕ್ಕು ಮುಗಿದ ಮೇಲೆ ಇಬ್ಬರಿಗೂ ನಾಚಿಕೆಯಾಯಿತು.

"ನನಗೆ ನೀವಂದ್ರೆ ಇಷ್ಟ," ಅಂದ. "ಮೊದಲೇ ಹೇಳಬೇಕಿತ್ತು. ನನಗೆ ಖುಷಿಯಾದ್ರೂ ಮಾತು ಬರಲ್ಲ."

"ನನಗೆ ಮಾತು ಬರುತ್ತೆ. ಆದ್ರೆ ತಪ್ಪು ತಪ್ಪಾಗಿ ಬರುತ್ತೆ," ಅಂದಳು. ಕೆನ್ನೆ ಒರೆಸಿಕೊಂಡಳು. "ಒಂದು ಹೇಳ್ಬೇಕು. ನಾನು ಸುಲಭದವಳಲ್ಲ. ಯಾರಾದ್ರೂ ಹತ್ರ ಬಂದ್ರೆ ಏನು ತಗೊಂಡು ಹೋಗ್ತಾರೋ ಅಂತ ಮೊದಲು ನೋಡ್ತೀನಿ. ಇನ್ನು ಮೇಲೂ ನೋಡ್ತೀನೇನೋ. ಒಂದೇ ದಿನಕ್ಕೆ ಹೋಗಲ್ಲ ಅದು."

"ನೋಡಿ. ಆದ್ರೆ ನನ್ನನ್ನ ಕೇಳಿ. ನಿದ್ದೆಯಿಂದ ಎಬ್ಬಿಸಿದ್ರೂ ಪರವಾಗಿಲ್ಲ. ಈ ಸಲ ಬಾಯಿಬಿಟ್ಟು ಉತ್ತರ ಹೇಳ್ತೀನಿ."

ಮನೆಯೊಳಗಿಂದ ಅಮ್ಮ ಮತ್ತು ಪ್ಯಾನೆಲ್ ಅಕ್ಕನ ಮಾತು ಕೇಳುತ್ತಿತ್ತು. ಎರಡನೇ ಲೋಟ ಟೀಗೆ ಅಮ್ಮ ಬಲವಂತ ಮಾಡುತ್ತಿದ್ದಳು.

ಅವಳು ಬಾಗಿಲಿಗೆ ಹೋಗಿ ಕೂಗಿದಳು. "ಅಕ್ಕಾ, ಸೇರಿಸಿಬಿಡಿ. ಇನ್ವರ್ಟರ್ ವಾಪಸ್ ತಗೊಂಡು ಹೋಗಿ."

"ಬಂದೆ, ಬಂದೆ," ಎಂದಿತು ಒಳಗಿನ ದನಿ.

ತಿರುಗಿದಾಗ ಅವನು ಅಲ್ಲೇ ಇದ್ದ, ತೀರಾ ಹತ್ತಿರ. ಅವಳ ಕೈ ಹಿಡಿದುಕೊಂಡ. ಅಳತೆ ನೋಡಿ ನೋಡಿ ಹನಿ ಕುಡಿಸುವವನ ಕೈ, ಬಿಗಿಯಾಗಿಯೂ ಇರಲಿಲ್ಲ, ಸಡಿಲವಾಗಿಯೂ ಇರಲಿಲ್ಲ.

"ಒಂದು ಕೇಳ್ಲಾ?" ಅಂದ.

"ಕೇಳಿ."

"ಈ 'ನೀವು' ಅನ್ನೋದನ್ನ ಬಿಡ್ತೀರಾ?"

"ನೀವು ಮೊದಲು ಬಿಡಿ."

ಅವನು ಗಂಟಲು ಸರಿಮಾಡಿಕೊಂಡ. ಹೇಳಲು ಹೋಗಿ ನಿಂತ. ಮತ್ತೆ ಹೊರಟ.

"ನೀನು ಟೀ ಕುಡಿದ್ಯಾ?"

"ಇಲ್ಲ," ಅಂದಳು. "ಬಾ, ಹೋಗೋಣ."